ಕೋಣದ ಹಿಂದೆ ಕುದುರೆ

ಮಂಜೇಶ್ವರದಲ್ಲಿ ಪೈವಳಿಕೆಗೆ ದಾರಿ ಕೇಳಿದರೆ ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ಆದರೆ ಅದು ನಡೆಯುವವರ ದಾರಿ. ಬೇಲಿ ಹತ್ತಿಳಿಯುವ ತಡಮೆ, ತೋಡಿಗೆ ಎರಡು ಅಡಿಕೆಮರ ಅಡ್ಡಹಾಕಿದ ಸಂಕ. ಇವನ್ನು ನಾನೇರಿದ ಕುದುರೆ ದಾಟೀತು ಹೇಗೆ? ಮೂರು ಸಲ ಹಿಂದೆ ತಿರುಗಿದೆ. ಬಿಸಿಲೇರುತ್ತಿತ್ತು. ಪೈವಳಿಕೆಯ ಶಾಲೆಯಲ್ಲಿ ಮಕ್ಕಳು ಸಿಡುಬು ಬಾರದಂತೆ ನಾನು ಚುಚ್ಚಬೇಕಿದ್ದ ದಾಕಿಗೆ ಕಾಯುತ್ತಿದ್ದರು. ಚೀಲದಲ್ಲಿದ್ದ ಮದ್ದು ಬಿಸಿಗೆ ಕೆಟ್ಟರೆ ನಾನು ಹೋಗಿಯೂ ದಂಡ.

ಗದ್ದೆಯ ಬದಿಯಲ್ಲಿ ಕೋಣದ ಮೈ ತೊಳೆಯುತ್ತಿದ್ದ ಶೀನಣ್ಣ ಎಂಬವರು ನನ್ನ ಪಾಡು ನೋಡಿದರು.

“ಮನುಷ್ಯರ ಹತ್ತಿರ ಎಂತಕ್ಕೆ ಕೇಳುವುದು? ಇವನು ಕಂಬಳಕ್ಕೆ ಹೋಗುವ ದಾರಿ ಉಂಟು. ಸಂಕವೂ ಇಲ್ಲ, ತಡಮೆಯೂ ಇಲ್ಲ. ಇವನ ಹಿಂದೆ ಬನ್ನಿ.”

ಕೋಣ ಮುಂದೆ, ಕುದುರೆ ಹಿಂದೆ. ಮೊಣಕಾಲುದ್ದ ನೀರಿನಲ್ಲಿ ತೋಡು ದಾಟಿ, ಓಣಿ ಹತ್ತಿ, ಗುಡ್ಡದ ತಲೆಯ ಮೇಲಿನ ಮುಳಿಹುಲ್ಲಿನ ಪದವಿಗೆ ಮುಟ್ಟಿದೆವು. ಅಷ್ಟಗಲದ ಬಯಲು ಕಂಡದ್ದೇ ತಡ, ಕುದುರೆ ಕೋಣವನ್ನು ಹಿಂದೆ ಹಾಕಿ ಓಡಿತು. ಬೆನ್ನ ಹಿಂದೆ ದಡದಡ ಸದ್ದು. ತಿರುಗಿದರೆ ಕೋಣ ಶೀನಣ್ಣನ ಕೈಯಿಂದ ಹಗ್ಗ ಬಿಡಿಸಿಕೊಂಡು, ಬಾಲ ಎತ್ತಿ ಬರುತ್ತಿದೆ! ನಾನು ಚೀಲವನ್ನು ಎದೆಗವಚಿಕೊಂಡು ನಕ್ಕದ್ದೇ ನಕ್ಕದ್ದು. ಪದವಿನ ಕೊನೆಯ ಗೋಳಿಮರವನ್ನು ಕೋಣವೇ ಮೊದಲು ಮುಟ್ಟಿತು. ಕೆಳಗೆ ಶಾಲೆಯ ಹಂಚಿನ ಮಾಡು ಕಾಣುತ್ತಿತ್ತು.

ಏದುಸಿರು ಬಿಡುತ್ತ ಬಂದ ಶೀನಣ್ಣ ಕೋಣದ ಕಡೆ ನೋಡಲೂ ಇಲ್ಲ. ನೇರವಾಗಿ ನನ್ನ ಕುದುರೆಯ ಕುತ್ತಿಗೆ ಸವರಿದರು.

“ಬೇಜಾರು ಮಾಡಬೇಡ ಮಾರಾಯ,” ಎಂದರು. “ನಿನಗೆ ದಾರಿ ಹೊಸತಲ್ವಾ?”