ಕಾವಳದೊಳಗಿನ ಕೆಮ್ಮು

ದೇವರ ಮುಂದೆ ನಿಂತು ಮಳೆ ಕೇಳುವವರಿದ್ದಾರೆ, ಮಕ್ಕಳನ್ನು ಕೇಳುವವರಿದ್ದಾರೆ. ಕಾವಳ ಬೀಳಿಸಪ್ಪಾ ಅಂತ ಕೇಳಿಕೊಂಡವಳು ನಾನೊಬ್ಬಳೇ ಇರಬೇಕು. ಓದಿದವರು ಮಂಜು ಅನ್ನುತ್ತಾರಲ್ಲ, ಅದಕ್ಕೇ ನಮ್ಮ ಕಡೆ ಕಾವಳ ಅನ್ನೋದು. ಹೊಳೆನರಸೀಪುರದಿಂದ ಹಳ್ಳಿಮೈಸೂರಿಗೆ ಹೋಗುವ ದಾರಿಯ ನಮ್ಮೂರಲ್ಲಿ, ಅವರೆಕಾಯಿ ಕಾಲಕ್ಕೆ ಅದು ಕವಿದರೆ ನಮ್ಮ ಕೈ ನಮಗೇ ಕಾಣದು.

ಬೀಳೋದು ಅಂದೆ, ತಪ್ಪು. ಅದು ಮೇಲಿಂದ ಬೀಳೋದೇ ಇಲ್ಲವಂತೆ. ಮೊಮ್ಮಗಳು ಶಾಲೆಯಲ್ಲಿ ಕಲಿತು ಬಂದು ಹೇಳಿದಳು. ಹಗಲು ಕಾದ ನೆಲ ರಾತ್ರಿ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತೆ. ನೆಲ ತಣ್ಣಗಾದರೆ ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗುತ್ತೆ. ಆ ಗಾಳಿಯೊಳಗೆ ಅಡಗಿದ್ದ ತೇವ ಸಣ್ಣ ಸಣ್ಣ ಹನಿಯಾಗಿ ಅಲ್ಲೇ ತೇಲುತ್ತೆ. ಚಳಿಯಲ್ಲಿ ಬಾಯಿಂದ ಹೊಗೆ ಬರುತ್ತಲ್ಲ ಅಜ್ಜಿ, ಹಂಗೇ, ಅಂದಳು. ಮೋಡ ಇದ್ದರೆ ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ, ಬಿಸಿ ಹೋಗೋದಿಲ್ಲ. ಗಾಳಿ ಜೋರಾದರೆ ಎಲ್ಲ ಚೆದುರಿಹೋಗುತ್ತೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ಇದು ತಟ್ಟನೆ ಅರ್ಥವಾಯಿತು. ಮೋಡವನ್ನೂ ಗಾಳಿಯನ್ನೂ ಬಾಯಿಗೆ ಬಂದ ಹಾಗೆ ಬೈದವಳಲ್ಲವೇ ನಾನು.

ನಯಾಪೈಸೆ ಬಂದ ಹೊಸತು. ನನ್ನ ಯಜಮಾನರೂ ಅವರ ತಮ್ಮನೂ ಪಾಲಾದರು. ಹೊಲದ ನಡುವೆ ಬದು ಬಂತು, ನಡುಮನೆಗೆ ಗೋಡೆ ಬಂತು. ಕೊನೆಗೆ ಉಳಿದದ್ದು ರಾಗಿ ಬೀಸುವ ಕಲ್ಲು. ಇಬ್ಬರೂ ಬಿಡಲೊಲ್ಲರು. ಪಂಚಾಯ್ತಿಗೆ ಕೂತವರು ಬೇಸತ್ತು, ಮೇಲಿನ ಕಲ್ಲು ಅಣ್ಣನಿಗೆ, ಕೆಳಗಿನದು ತಮ್ಮನಿಗೆ ಅಂದುಬಿಟ್ಟರು. ಇವರು ಗೆದ್ದವರ ಹಾಗೆ ಹೊತ್ತು ತಂದರು. ಬೀಸೋದು ಹಾಳಾಗಲಿ, ಅದರ ಮೇಲೆ ಕೂರೋಣ ಅಂದರೆ ಗೂಟ ಚುಚ್ಚುತ್ತೆ.

ಆ ಕಲ್ಲಿನ ಆಚೆ ಈಚೆ ಕಾಲು ಚಾಚಿ, ಒಂದೇ ಗೂಟ ಹಿಡಿದು ಬೀಸುತ್ತಿದ್ದವರು ನಾನು ಮತ್ತು ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ ಕೆಂಪಮ್ಮ. ನಮ್ಮ ಮಾತೆಲ್ಲ ಅಲ್ಲೇ. ಪಾಲಾದ ಮೇಲೆ, ಇನ್ನು ಅವರ ಮೊಕ ನೋಡಿ ಮಾತಾಡಕೂಡದು ಅಂತ ಆ ಗಂಡಸರು ನಮ್ಮಿಬ್ಬರಿಂದಲೂ ಆಣೆ ಹಾಕಿಸಿದರು. ಯಜಮಾನರೋ, ಎತ್ತಿನ ಜೊತೆ ಆಡಿದಷ್ಟು ಮಾತೂ ನನ್ನ ಜೊತೆ ಆಡಿದವರಲ್ಲ. ಮನೆಯಲ್ಲಿ ಪಾತ್ರೆ ಬಿದ್ದರೂ ಖುಷಿಯಾಗುತ್ತಿತ್ತು, ಸದ್ಯ ಏನೋ ಒಂದು ಸದ್ದಾಯಿತಲ್ಲ ಅಂತ.

ಅವರೆಕಾಯಿಯನ್ನು ಇಬ್ಬನಿ ಆರುವ ಮೊದಲೇ ಕಿತ್ತರೆ ಸೊಗಡು ಜಾಸ್ತಿ. ಹಾಗಾಗಿ ಕಾವಳದಲ್ಲೇ ಹೊಲಕ್ಕೆ ಹೋಗೋದು. ಆದರೆ ಅಲ್ಲಿ ಏನಾದರೂ ಅಲುಗಿದರೆ ಕಾಡುಹಂದಿ ಅಂತ ಕಲ್ಲು ಎಸೆಯುತ್ತಾರೆ. ಅದಕ್ಕೇ ಹೊಲದಲ್ಲಿರುವವರು ಆಗಾಗ ಕೆಮ್ಮಬೇಕು, ಕೇಳಿದವರು ತಿರುಗಿ ಕೆಮ್ಮಬೇಕು. ಅದು ನಮ್ಮ ಕಡೆ ವಾಡಿಕೆ. ಒಂದು ಬೆಳಿಗ್ಗೆ ಕೆಮ್ಮಿದೆ. ಬದುವಿನ ಆಚೆಯಿಂದಲೂ ಕೆಮ್ಮು ಬಂತು. ಆಮೇಲೆ ಮಾತು ಬಂತು.

"ಸೀತ-ನೆಗಡಿ ಆಗ್ಬುಟ್ಟದಾ ಅಕ್ಕಾ?"

"ಇಲ್ಲ ಕಣೆ, ಹಂದಿ ಅನ್ಕಂಡು ಕಲ್ಲಲ್ಲಿ ಇಟ್ಟೀಯ ಅಂತ ಕೆಮ್ದೆ."

"ಹಂದಿ ಆಗಿದ್ರೆ ಇಷ್ಟೊತ್ಗೆ ಅರ್ಧ ವಲ ಮುಗಿಸ್ತಿತ್ತು. ನಿನ್ ಕೈ ಮೊದ್ಲಿಂದ್ಲೂ ನಿಧಾನ."

ಮುಖ ಕಾಣಲಿಲ್ಲ, ಆಣೆ ಮುರಿಯಲಿಲ್ಲ. ಬಿಸಿಲೇರಿ ಅವಳ ಸೆರಗಿನ ಕೆಂಪು ಮಸುಕಾಗಿ ಕಾಣುತ್ತಲೇ ಇಬ್ಬರೂ ಬೆನ್ನು ತಿರುಗಿಸಿದೆವು. ಆವತ್ತಿಂದ ಸಂಜೆಯಾದರೆ ನಾನು ಆಕಾಶ ನೋಡುವವಳಾದೆ. ಚುಕ್ಕಿ ತಿಳಿಯಾಗಿದ್ದು ಎಲೆ ಅಲುಗದಿದ್ದರೆ ನಾಳೆ ಮಾತುಂಟು. ಮೋಡ ಕಂಡರೆ ಮಾತಿಲ್ಲ.

ಒಂದು ಪುಷ್ಯದಲ್ಲಿ ಹಾಳು ಮೋಡ ಬಂದು ಕೂತಿತು, ಹೋಗಲೇ ಇಲ್ಲ. ಅದೇ ಹೊತ್ತಿಗೆ ಚನ್ನರಾಯಪಟ್ಟಣದ ಕಡೆ ನನ್ನ ತವರಲ್ಲಿ ಅವ್ವ ತೀರಿಕೊಂಡಳು. ಹೋಗಿ, ಮಣ್ಣು ಮಾಡಿ, ತಿಥಿ ಮುಗಿಸಿ ಬಂದೆ. ಯಜಮಾನರು "ವಯಸ್ಸಾಗಿತ್ತು ಬುಡು" ಅಂದು ಎತ್ತಿಗೆ ಹುಲ್ಲು ಹಾಕಲು ಎದ್ದರು. ಅವರ ಮಾತೇನೂ ಸುಳ್ಳಲ್ಲ. ಆದರೆ ಅವ್ವನ ವಿಷಯ ಯಾರಿಗಾದರೂ ಹೇಳಿಕೊಳ್ಳಲೇಬೇಕಿತ್ತು ನನಗೆ.

ಬೆಳಿಗ್ಗೆ ಹೊಲಕ್ಕೆ ಹೋದೆ. ಎಲ್ಲ ನಿಚ್ಚಳ. ಬದುವಿನಾಚೆ ಬಗ್ಗಿ ಕಾಯಿ ಕೀಳುತ್ತಿದ್ದ ಕೆಂಪಮ್ಮ ಪೂರ್ತಿ ಕಾಣುತ್ತಿದ್ದಳು. ಆದರೂ ಕೆಮ್ಮಿದೆ. ಅವಳು ನೆಟ್ಟಗೆ ನಿಂತಳು. ನನ್ನ ಕಡೆ ನೋಡಲಿಲ್ಲ. ಸೆರಗನ್ನು ಗಲ್ಲದ ತನಕ ಎಳೆದು ಮುಖ ಮುಚ್ಚಿಕೊಂಡು, ತಡವರಿಸುತ್ತಾ ಬಂದು ಬದುವಿನ ಮೇಲೆ ಕೂತಳು.

"ಯಾಪಾಟಿ ಕಾವಳ ಕವ್ಕಂಡದೆ ಕಣಕ್ಕಾ, ಏನೂ ಕಾಣಾಕಿಲ್ಲ. ಯೋಳು, ಅವ್ವ ಕೊನೆಗೆ ಏನಂದ್ಲು?"

ನಾನೂ ಸೆರಗೆಳೆದುಕೊಂಡು ಕೂತೆ. ಎಲ್ಲ ಹೇಳಿದೆ. ರಸ್ತೆಯಲ್ಲಿ ಹೋದವರು ಯಾರೋ ಜೋಡಿ ಬೆದರುಬೊಂಬೆ ನಿಲ್ಲಿಸಿದ್ದಾರೆ ಅಂದುಕೊಂಡಿರಬೇಕು.

ಈಗ ಆಣೆ ಹಾಕಿಸಿದವರೂ ಇಲ್ಲ, ಕೆಂಪಮ್ಮನೂ ಇಲ್ಲ. ಕಲ್ಲಿನ ಎರಡು ಪಾಲೂ ನಮ್ಮ ಹಿತ್ತಲಲ್ಲೇ ಬಿದ್ದಿವೆ. ಊರಿಗೆ ಹಿಟ್ಟಿನ ಮಿಷನ್ ಬಂದಿದೆ. ಸಂಜೆ ಆಕಾಶ ನೋಡುವ ಚಾಳಿ ಮಾತ್ರ ಬಿಟ್ಟಿಲ್ಲ. ಕಾವಳ ಕವಿದ ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತೇನೆ. ಆಚೆಯಿಂದ ತಿರುಗಿ ಕೆಮ್ಮು ಬರುತ್ತಾ ಅಂತ ಕಿವಿಗೊಡುತ್ತೇನೆ. ಒಳಗಿಂದ ಸೊಸೆ ಮೆಣಸಿನ ಕಷಾಯ ಕಾಯಿಸಿ ತರುತ್ತಾಳೆ. ಇದು ಕೆಮ್ಮಲ್ಲ ಕಣೇ ಅಂತ ಅವಳಿಗೆ ಹೇಳಲು ಹೋಗಿಲ್ಲ. ಕೆಮ್ಮಿದ್ದಕ್ಕೆ ಯಾರೋ ಒಬ್ಬರು ಓಗೊಟ್ಟ ಹಾಗಾಯಿತಲ್ಲ, ಕುಡಿದು ಲೋಟ ಕೊಡುತ್ತೇನೆ.