ಗಾಂಠಿಯಾದ ಆರತಿ

ಅರವತ್ತರ ದಶಕದಲ್ಲಿ ನಾವು ಅಹಮದಾಬಾದಿನ ನವರಂಗಪುರದಲ್ಲಿ ಬಾಡಿಗೆಗಿದ್ದೆವು. ಭಾನುವಾರ ಬೆಳಗಾದರೆ ಇಡೀ ಓಣಿಗೆ ಗಾಂಠಿಯಾ ಬೇಕು. ಕಡಲೆಹಿಟ್ಟಿಗೆ ಓಂಕಾಳು, ಸೋಡಾ ಹಾಕಿ ಕಲಸಿ, ಕಾದ ಎಣ್ಣೆಗೆ ಎಳೆದು ಬಿಟ್ಟರೆ ನೋಡನೋಡುತ್ತಲೇ ಉಬ್ಬಿ ಬರುವ ತಿಂಡಿ ಅದು. ಜೊತೆಗೆ ಕರಿದ ಹಸಿಮೆಣಸಿನಕಾಯಿ. ಹೊಟ್ಟೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳುವವರು ಇಡೀ ಊರಿಗೆ ಒಬ್ಬರೇ ಇದ್ದರು, ಅವರನ್ನೇ ನಾನು ಮದುವೆಯಾಗಿದ್ದೆ.

ನಮ್ಮವರು ಸರ್ಕಾರಿ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರದವರು. ಅಲ್ಲಿ ಏನು ಪರೀಕ್ಷೆ ಮಾಡುತ್ತಿದ್ದರೋ ನಾ ಕಾಣೆ, ಮನೆಯಲ್ಲಂತೂ ನನ್ನ ಬಾಯಿಗೆ ಹೋಗುವುದನ್ನೆಲ್ಲ ಪರೀಕ್ಷೆ ಮಾಡುತ್ತಿದ್ದರು. ಅಂಗಡಿಯ ಎಣ್ಣೆ ಹಳೆಯದು, ಬಣ್ಣ ಬಟ್ಟೆಗೆ ಹಾಕುವಂಥದ್ದು, ಡಬ್ಬಿಯಲ್ಲಿಟ್ಟರೂ ಕೆಡದ ತಿಂಡಿಗೆ ಏನೋ ಬೆರೆಸಿರಲೇಬೇಕು ಎನ್ನುವುದು ಅವರ ನಿತ್ಯದ ಪಾರಾಯಣ. ನನಗೆ ಆಗ ಐದು ತಿಂಗಳು. ಬಯಕೆ ಎಂದರೆ ನಮ್ಮ ಧಾರವಾಡದ ಕಡೆ ಹುಣಿಸೆಕಾಯಿ, ಮಾವಿನಕಾಯಿ. ನನ್ನ ಹಾಳು ನಾಲಗೆಗೆ ಗಾಂಠಿಯಾವೇ ಬೇಕಿತ್ತು.

ನಗುವ ವಿಷಯವಲ್ಲದ್ದೂ ಒಂದಿತ್ತು. ಹಿಂದಿನ ವರ್ಷ ಮೂರನೇ ತಿಂಗಳಲ್ಲಿ ನನಗೆ ಬಸಿರು ಇಳಿದುಹೋಗಿತ್ತು. ಅದರ ಹಿಂದಿನ ದಿನ ನಾನು ಹೊಟ್ಟೆ ತುಂಬ ಗಾಂಠಿಯಾ ತಿಂದಿದ್ದೆ. ಅದರ ಬಗ್ಗೆ ಅವರು ಎಂದೂ ಬಾಯಿ ಬಿಡಲಿಲ್ಲ, ಅಂದಿನಿಂದ ಮನೆಯಲ್ಲಿ ಗಾಂಠಿಯಾ ಮಾತ್ರ ಬಂದ್ ಆಯಿತು. ನನ್ನ ನಾಲಗೆಚಪಲಕ್ಕೇ ಮಗು ಹೋಯಿತೆಂದು ಅವರ ಮನಸ್ಸಿನಲ್ಲಿದೆ ಎಂದುಕೊಂಡು ನಾನು ಒಳಗೊಳಗೇ ಸುಡುತ್ತಿದ್ದೆ. ಕೇಳುವ ಧೈರ್ಯವಿರಲಿಲ್ಲ. ಹೌದೆಂದುಬಿಟ್ಟರೆ?

ನನ್ನನ್ನು ನೋಡಲು ಊರಿಂದ ಅತ್ತೆ ಬರುವುದಿದ್ದ ಭಾನುವಾರ ಬೆಳಿಗ್ಗೆ ನಮ್ಮವರು ಅಂಗಡಿಯಿಂದ ಒಂದು ಪೊಟ್ಟಣ ಗಾಂಠಿಯಾ ತಂದರು. ನನ್ನ ಬಾಯಲ್ಲಿ ನೀರೂರಿತು. ನನಗಲ್ಲ, ಪರೀಕ್ಷೆಗಂತೆ. ನನ್ನ ಕಣ್ಣೆದುರಿಗೇ ಅದನ್ನು ಪುಡಿ ಮಾಡಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಅರಿಶಿನ ಕದಡಿದರು. ಬಸುರಿಯ ಮುಂದೆ ಹೀಗೆ ಮಾಡುವ ಗಂಡಸಿಗೆ ಬೇರೆಯದೇ ನರಕವಿರಬೇಕು. ನೀರು ಕೆಂಪಾಯಿತು. ಸೋಡಾ ಇದ್ದರೆ ಅರಿಶಿನ ಕೆಂಪಾಗುತ್ತದೆಂದು ಹೇಳಿ, ಅವ್ವನಿಗೂ ತೋರಿಸಬೇಕು, ಮುಟ್ಟಬೇಡ ಎಂದು ಅದನ್ನು ತಟ್ಟೆಗೆ ಸುರಿದು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಸ್ಟೇಶನ್ನಿಗೆ ಹೋದರು.

ಅತ್ತೆ ಬಂದರು. ಹೊಸ್ತಿಲು ದಾಟುವ ಮೊದಲೇ ಕಣ್ಣು ತಟ್ಟೆಯ ಮೇಲೆ ಬಿತ್ತು. ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರು, ದೃಷ್ಟಿ ತೆಗೆಯಲು ಸೊಸೆ ಸಿದ್ಧ ಮಾಡಿಟ್ಟಿದ್ದಾಳೆ ಎಂದುಕೊಂಡು ಅವರ ಮುಖ ಅರಳಿತು. ಪರದೇಶಕ್ಕೆ ಬಂದರೂ ಪದ್ಧತಿ ಬಿಟ್ಟಿಲ್ಲವೆಂದು ಹೊಗಳುತ್ತ ನನ್ನನ್ನೂ ಮಗನನ್ನೂ ಜೋಡಿಯಾಗಿ ನಿಲ್ಲಿಸಿ, ಊರವರ ಕಣ್ಣು, ಕೇರಿಯವರ ಕಣ್ಣು ಎನ್ನುತ್ತ ನಿವಾಳಿಸಿ, ನಮ್ಮಿಬ್ಬರ ಹಣೆಗೂ ಹಚ್ಚಿದರು. ನಮ್ಮವರು ಬಾಯಿ ತೆರೆಯುವಷ್ಟರಲ್ಲಿ ಅವರ ಸಾಕ್ಷ್ಯವೆಲ್ಲ ಬೀದಿಯ ಪಾಲಾಗಿತ್ತು. ಆಮೇಲೆ ಅತ್ತೆ ಬೆರಳು ಮೂಸಿ ನೋಡಿದರು.

"ಇದರಾಗ ಓಂಕಾಳಿನ ವಾಸನಿ ಯಾಕ ಬರ್ತದವಾ?"

ನಾನು ಸೆರಗು ಬಾಯಿಗೊತ್ತಿಕೊಂಡೆ. ನಮ್ಮವರು ಸೋಡಾ, ಬಣ್ಣ, ಕೆಡದ ತಿಂಡಿ ಎಂದು ಅವ್ವನಿಗೆ ಇಡೀ ಪಾಠ ಒಪ್ಪಿಸಿದರು. ಅತ್ತೆ ಹೂಂಗುಟ್ಟುತ್ತಲೇ ಊರಿಂದ ತಂದ ಡಬ್ಬಿ ಬಿಚ್ಚಿದರು. ಉದ್ದಿನ ಹಪ್ಪಳ. ಹೋದ ಬೇಸಿಗೆಯವು, ಇನ್ನೂ ಒಂದು ವರ್ಷ ಇಟ್ಟರೂ ಏನೂ ಆಗುವುದಿಲ್ಲ ಎಂದರು. ಒಂದು ವರ್ಷ ಕೆಡದ ತಿಂಡಿ! ನಾನು ಸುಮ್ಮನಿರುವ ಪೈಕಿ ಅಲ್ಲ. ಒಂದು ಹಪ್ಪಳ ಮುರಿದು ನೆನೆಸಿ, ಚಿಟಿಕೆ ಅರಿಶಿನ ಹಾಕಿ ನಮ್ಮವರ ಮುಂದಿಟ್ಟೆ. ಅದೂ ಕೆಂಪಾಯಿತು. ಹಪ್ಪಳಖಾರವೆಂದು ನಾವು ಹಾಕುವ ಬಿಳಿ ಪುಡಿ ಆ ಸೋಡಾದ ದಾಯಾದಿಯೇ ತಾನೆ?

ಹೆತ್ತ ತಾಯಿಯ ಹಪ್ಪಳವನ್ನು ವಿಷ ಎನ್ನುವಂತಿಲ್ಲ, ಗಾಂಠಿಯಾ ಒಳ್ಳೆಯದೆಂದು ಒಪ್ಪುವಂತಿಲ್ಲ. ಬಾಯಲ್ಲಿ ಬಿಸಿತುಪ್ಪ. ಗೆದ್ದೆನೆಂದು ನಾನು ನಗಲು ಹೊರಟಿದ್ದೆ. ಆದರೆ ಅವರು ತಟ್ಟೆಯನ್ನೇ ನೋಡುತ್ತ ಕೆಳಗೆ ಕುಳಿತುಬಿಟ್ಟರು.

"ಹ್ವಾದ ಸಲ ಆಕಿ ಕೇಳಿದ್ದಿಲ್ಲವ್ವಾ," ಎಂದರು. "ನಾನ ತಂದು, ತಿನ್ನು ತಿನ್ನು ಅಂತ ತಿನಿಸಿದೆ."

ತಂದವರು ಅವರೇ ಎನ್ನುವುದು ನನಗೆ ನೆನಪೂ ಇರಲಿಲ್ಲ. ಒಂದು ವರ್ಷ ನಾನು ನನ್ನನ್ನು ಬೈದುಕೊಳ್ಳುತ್ತಿದ್ದೆ, ಇವರು ಪಕ್ಕದಲ್ಲೇ ಮಲಗಿ ತಮ್ಮನ್ನು ಬೈದುಕೊಳ್ಳುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು, ಹಿಡಿದು ಎರಡು ಬಾರಿಸೋಣ ಎಂದೂ ಅನ್ನಿಸಿತು.

ಅತ್ತೆ ಹಪ್ಪಳದ ಡಬ್ಬಿಯ ಮುಚ್ಚಳ ಹಾಕಿದರು.

"ನಿನಗಿಂತ ಮೊದಲ ನನಗ ಎರಡು ಹ್ವಾದುವು, ಗೊತ್ತದ ಏನು? ಆವಾಗ ನಾ ಮನಿ ಮಸರು, ಮನಿ ತುಪ್ಪ ಬಿಟ್ಟು ಬ್ಯಾರೆ ಏನೂ ಮುಟ್ಟಿದ್ದಿಲ್ಲ. ಈಗ ತಪ್ಪು ಮಸರಿನ ಮ್ಯಾಲ ಹಾಕಲೇನು?"

ನಮ್ಮವರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು, ಹಣೆಯ ಕೆಂಪನ್ನು ಒರೆಸಿಕೊಳ್ಳಲೂ ಇಲ್ಲ. ಬಿಸಿ ಪೊಟ್ಟಣ ಹಿಡಿದು ವಾಪಸು ಬಂದವರು ಅದನ್ನು ನನ್ನ ಮುಂದಿಟ್ಟು, ದೂರ ಸರಿದು ಗೋಡೆಗೆ ಒರಗಿ ಕುಳಿತರು. ಮಗು ಹೋದ ದಿನದಿಂದ ಅವರೂ ಒಂದು ಎಳೆ ಗಾಂಠಿಯಾ ಬಾಯಿಗೆ ಹಾಕಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಅರ್ಧ ಪೊಟ್ಟಣ ಅವರ ಕಡೆ ತಳ್ಳಿದೆ. ಸ್ವಲ್ಪ ಹೊತ್ತು ನೋಡಿ, ಒಂದನ್ನು ಮುರಿದು ಬಾಯಿಗಿಟ್ಟುಕೊಂಡರು. ಹಸಿಮೆಣಸಿನಕಾಯಿ ಮಾತ್ರ ನಾನು ಕೊಡಲಿಲ್ಲ.