ಎರಡನೆಯ ಕ್ಲಚ್ಚು

ಕ್ಲಚ್ಚು ಸುಟ್ಟ ವಾಸನೆ ನಿಮಗೆ ಗೊತ್ತಿರಬಹುದು. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಪಿತ್ತ ನೆತ್ತಿಗೇರುತ್ತದೆ. ಇವತ್ತು ಬೆಳಿಗ್ಗೆ ಮದುವೆಯೊಂದಕ್ಕೆ ಹೊರಟು ಬಿ.ಸಿ.ರೋಡಿನ ಹತ್ತಿರ ಒಂದು ಏರಿನಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಗ ಅದೇ ವಾಸನೆ. ನಮ್ಮ ಮುಂದೆ ಕೆಂಪು 'ಎಲ್' ಹಚ್ಚಿಕೊಂಡ ಡ್ರೈವಿಂಗ್ ಸ್ಕೂಲಿನ ಕಾರು. ಪಕ್ಕದಲ್ಲಿದ್ದ ಯಜಮಾನರು ನನ್ನ ಮುಖ ನೋಡಿ, "ಶುರುವಾಯ್ತಾ ನಿನ್ನ ಹಳೆ ಸಿಟ್ಟು?" ಎಂದರು. ಶುರುವಾಗಿತ್ತು.

ನಾನು ಕಾರು ಕಲಿತದ್ದು ತೊಂಬತ್ತೆಂಟರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಶೋಕಿಗಲ್ಲ. ಯಜಮಾನರು ಬಂಟ್ವಾಳದಲ್ಲಿ ದಸ್ತಾವೇಜು ಬರೆಯುತ್ತಿದ್ದವರು. ಅವರ ಅಕ್ಷರ ನೋಡಿಯೇ ಜನ ಹುಡುಕಿಕೊಂಡು ಬರುತ್ತಿದ್ದರು. ಆ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಕೈ ತಿರುಗಿ ಬರುವುದಿದ್ದರೆ ಹೆಚ್ಚಿನದು ಮೊದಲ ಕೆಲವು ತಿಂಗಳಲ್ಲೇ ಬರಬೇಕು ಎಂದು ಡಾಕ್ಟರು ಹೇಳಿದ್ದರು. ವಾರಕ್ಕೆ ಮೂರು ಸಲ ಮೂಡಬಿದಿರೆಗೆ ವ್ಯಾಯಾಮ ಮಾಡಿಸಲು ಕರೆದುಕೊಂಡು ಹೋಗಬೇಕು. ನಮ್ಮ ಪ್ರೈವೇಟ್ ಬಸ್ಸುಗಳು ಗೊತ್ತಲ್ಲ, ಒಂದು ಕಾಲು ಮೇಲಿಡುವಷ್ಟರಲ್ಲಿ ಕಂಡಕ್ಟರ್ "ರೈಟ್" ಎಂದಾಗಿರುತ್ತದೆ. ಪ್ರತಿಸಲ ಬಾಡಿಗೆ ಕಾರಿನಲ್ಲಿ ಹೋಗಿ ಬಂದು ಪೂರೈಸುತ್ತಿರಲಿಲ್ಲ. ಅವರ ಹಳೆಯ ಮಾರುತಿ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಅಲ್ಲಿನ ಮಾಸ್ಟ್ರು ಬಹಳ ಸಾಧು ಮನುಷ್ಯ, ಒಂದು ದಿನವೂ ಬೈಯಲಿಲ್ಲ. ಕಲಿಸುವ ಕಾರುಗಳಲ್ಲಿ ಮಾಸ್ಟ್ರ ಕಾಲಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಅಪಾಯ ಬಂದರೆ ಒತ್ತಲಿಕ್ಕೆ. ಈ ಪುಣ್ಯಾತ್ಮ ಅದರಿಂದ ಕಾಲನ್ನು ತೆಗೆದದ್ದೇ ಇಲ್ಲ. ನಾನು ತಪ್ಪುವ ಮೊದಲೇ ಅವರ ಕಾಲು ಒತ್ತಿ ಆಗಿರುತ್ತಿತ್ತು. ಇಪ್ಪತ್ತು ದಿನ ಕಾರು ಬೆಣ್ಣೆಯ ಹಾಗೆ ಓಡಿತು. "ನೋಡಿ ಟೀಚರ್, ಒಂದು ಸಲ ಸಹ ಗಾಡಿ ಆಫ್ ಆಗ್ಲಿಲ್ಲ. ನಿಮಗೆ ಕಲಿಲಿಕ್ಕೆ ಇನ್ನೆಂತದೂ ಇಲ್ಲ" ಎಂದರು. ನಾನೂ ಉಬ್ಬಿದೆ. ಹೈಸ್ಕೂಲಿನಲ್ಲಿ ಮಕ್ಕಳಿಂದ ಮೆದುಳಿನ ಚಿತ್ರ ಬರೆಸಿ, ಕೈಕಾಲಿನ ಚಲನೆಯನ್ನು ತಿದ್ದುವ ಹಿಮ್ಮೆದುಳನ್ನು ಗುರುತಿಸದವರಿಗೆ ಮಾರ್ಕು ಕಡಿದ ವಿಜ್ಞಾನದ ಟೀಚರ್ ನಾನು. ಕಾರು ಓಡಿಸಿದ್ದು ಯಾರ ಕಾಲು ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು, ಲೈಸೆನ್ಸ್ ಸಿಕ್ಕಿ ಮೊದಲ ಸಲ ಯಜಮಾನರನ್ನು ನಮ್ಮ ಮಾರುತಿಯಲ್ಲಿ ಕೂರಿಸಿಕೊಂಡು ಹೊರಟಾಗ, ಸಿದ್ದಕಟ್ಟೆ ದಾರಿಯ ಒಂದು ಏರಿನಲ್ಲಿ. ಕಾರು ನಿಂತಿತು. ಸ್ಟಾರ್ಟ್ ಮಾಡಿದೆ, ಹಿಂದೆ ಜಾರಿತು, ಮತ್ತೆ ನಿಂತಿತು. ಹಿಂದಿನ ಬಸ್ಸಿನಿಂದ ಕಂಡಕ್ಟರ್ ಇಳಿದು ಬಂದು, "ಅಕ್ಕ, ಲೈಸೆನ್ಸ್ ಉಂಟಾ ನಿಮಗೆ?" ಎಂದು ಕೇಳಿದ. ಉಂಟು ಮಾರಾಯ, ಪರ್ಸಿನಲ್ಲೇ ಉಂಟು. ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎನ್ನುವುದು ಮಾತ್ರ ನನ್ನ ಕಾಲಿಗೆ ಗೊತ್ತಿಲ್ಲ. ಯಜಮಾನರು ಎಡಗೈಯಿಂದ ಬಾಗಿಲು ಹಿಡಿದುಕೊಂಡು ಕೂತಿದ್ದರು. ಅವತ್ತು ಮೂಡಬಿದಿರೆಗೆ ಮುಟ್ಟಲಿಲ್ಲ.

ನೆರೆಮನೆಯ ಹಮೀದಾಕ ಗಲ್ಫಿನಲ್ಲಿ ವರ್ಷಗಟ್ಟಲೆ ಟ್ರೈಲರ್ ಓಡಿಸಿ ಬಂದ ಹಿರಿಯ ಮನುಷ್ಯ. ಸುದ್ದಿ ಕೇಳಿ, "ನಾಳೆ ಪೊಳಲಿ ಕಡೆ ಹೋಗುವ" ಎಂದರು. ಖಾಲಿ ರಸ್ತೆಯ ಏರಿನಲ್ಲಿ ಕಾರು ನಿಲ್ಲಿಸಿ, ಪಕ್ಕದ ಸೀಟಿನ ಮೇಲೆ ಎರಡೂ ಕಾಲು ಮಡಚಿ ಕೂತುಬಿಟ್ಟರು. ಕಾರು ಆಫ್ ಆಯಿತು. ನಾನು ಅವರ ಮುಖ ನೋಡಿದೆ.

"ನನ್ನನ್ನು ಎಂತ ನೋಡ್ತೀರಿ? ಆಫ್ ಆಗ್ಲಿ. ಪುನಃ ಬಿಡಿ."

"ಎಲ್ಲಿ ತಪ್ಪಿತು ಅಂತ ಹೇಳಬಾರದಾ?"

"ನಾನು ಹೇಳಿದ್ರೆ ನಿಮ್ಮ ಕಿವಿಗೆ ಗೊತ್ತಾಗ್ತದೆ ಟೀಚರೇ. ಕ್ಲಚ್ಚು ಒತ್ತುವುದು ಕಿವಿಯಾ?"

ಎಷ್ಟು ಸಲ ಆಫ್ ಆಯಿತೋ, ಲೆಕ್ಕ ಇಡಲಿಲ್ಲ. ಒಮ್ಮೆ ಬೇಗ ಬಿಟ್ಟೆ, ಕುಪ್ಪಳಿಸಿ ನಿಂತಿತು. ಒಮ್ಮೆ ತಡವಾಗಿ ಬಿಟ್ಟೆ, ಸುಟ್ಟ ವಾಸನೆ ಎದ್ದಿತು. ಆದರೆ ಕಾಲು ಪ್ರತಿಸಲ ಅದೇ ತಪ್ಪನ್ನು ಮಾಡುತ್ತಿರಲಿಲ್ಲ. ಮೆದುಳು ಒಂದು ಅಂದಾಜು ಕಟ್ಟಿ ಕಾಲನ್ನು ಕಳಿಸುತ್ತದೆ, ಅಂದಾಜು ಎಷ್ಟು ತಪ್ಪಿತೋ ಅಷ್ಟನ್ನು ನೋಡಿಕೊಂಡು ಮುಂದಿನ ಅಂದಾಜು ಕಟ್ಟುತ್ತದೆ. ತಪ್ಪೇ ಆಗದಿದ್ದರೆ ಅದಕ್ಕೆ ತಿದ್ದಿಕೊಳ್ಳಲು ಏನು ಸಿಗಬೇಕು? ನಾಲ್ಕನೆಯ ದಿನ ಏರಿನಲ್ಲಿ ಕಾರು ಜಾರದೆ ಮುಂದೆ ಹೋಯಿತು. ಹೇಗೆ ಹೋಯಿತೆಂದು ಕೇಳಿದರೆ ನನಗೆ ಈಗಲೂ ಹೇಳಲಿಕ್ಕೆ ಬರುವುದಿಲ್ಲ.

ಮರುದಿನ ಬೆಳಿಗ್ಗೆ ಮೂಡಬಿದಿರೆಗೆ ಹೊರಡುತ್ತ ಮಾಸ್ಟ್ರ ಜನ್ಮ ಜಾಲಾಡಿದೆ. ಕಲಿಯುವವರ ತಪ್ಪನ್ನು ಕಿತ್ತುಕೊಳ್ಳಲು ಅವನಿಗೇನು ಹಕ್ಕು, ಒಳ್ಳೆಯತನವಂತೆ, ಎಂಥ ಒಳ್ಳೆಯತನ ಎಂದು ಒಂದೇ ಸಮನೆ ಕೂಗಾಡಿದೆ. ಯಜಮಾನರು ತಣ್ಣಗೆ ಕೇಳಿದರು, "ಅವರಿಗೆ ಬೈಯುವುದು ಇರಲಿ ಮಾರಾಯ್ತಿ. ನೀನೀಗ ಮಾಡ್ತಾ ಇರುವುದು ಎಂತ?"

ನಾನು ಅವರ ಅಂಗಿಯ ಗುಂಡಿ ಹಾಕುತ್ತಿದ್ದೆ.

ಎರಡು ತಿಂಗಳಿಂದ ನಾನೇ ಹಾಕುತ್ತಿದ್ದೆ. ಅನ್ನ ಕಲಸಿ ಬಾಯಿಗಿಡುತ್ತಿದ್ದೆ, ಲೋಟ ವಾಲುವ ಮೊದಲೇ ಹಿಡಿಯುತ್ತಿದ್ದೆ. ಮೂಡಬಿದಿರೆಯಲ್ಲಿ ಅರ್ಧ ಗಂಟೆ ಎಡವಿ ಕಲಿತದ್ದನ್ನು ಉಳಿದ ಹೊತ್ತೆಲ್ಲ ನಾನು ಕಲಿಯಗೊಡಲಿಲ್ಲ. ಕೈ ತಿರುಗಿ ಬರಬೇಕಾಗಿದ್ದ ತಿಂಗಳುಗಳವು. ಅವತ್ತು ಅವರು ಒಂದೇ ಗುಂಡಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡರು, ನಾನು ಅಡುಗೆಮನೆಗೆ ಹೋಗಿ ಅತ್ತೆ. ಆಮೇಲೆ ಕೈ ಬಂತು, ಮುಕ್ಕಾಲು ಬಂತು. ಸಹಿ ಮಾಡುತ್ತಾರೆ. ದಸ್ತಾವೇಜಿನ ಆ ಅಕ್ಷರ ಮಾತ್ರ ಬರಲೇ ಇಲ್ಲ. ಆ ಎರಡು ತಿಂಗಳು ಅವರ ಪಾಡಿಗೆ ಬಿಟ್ಟಿದ್ದರೆ ಬರುತ್ತಿತ್ತೋ ಏನೋ, ಯಾರೂ ಹೇಳಲಾರರು. ಮಾಸ್ಟ್ರನ್ನು ನಾನು ಎಂದೋ ಕ್ಷಮಿಸಿದ್ದೇನೆ. ಗುಂಡಿ ಹಾಕುತ್ತಿದ್ದ ಆ ಇನ್ನೊಬ್ಬಳ ಮೇಲಿನ ಸಿಟ್ಟು ಇಳಿದಿಲ್ಲ.

ಬಿ.ಸಿ.ರೋಡಿನ ಏರಿನಲ್ಲಿ ನಮ್ಮ ಮುಂದಿದ್ದ 'ಎಲ್' ಕಾರು ಮತ್ತೆ ಕುಪ್ಪಳಿಸಿ ನಿಂತಿತು. ಹಿಂದಿನವರೆಲ್ಲ ಹಾರ್ನ್ ಒತ್ತತೊಡಗಿದರು. ಯಜಮಾನರು ಬಗ್ಗಿ ಅಂಗಿ ನೋಡಿಕೊಂಡರು. ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ ಕೂತಿದ್ದವು. ಅವರು ಒಂದೊಂದನ್ನೇ ಬಿಚ್ಚಿ ಕೆಳಗಿನಿಂದ ಮತ್ತೆ ಶುರುಮಾಡಿದರು. ನನ್ನ ಎಡಗೈ ತಾನಾಗಿ ಆಚೆ ಚಾಚಿತು. ಅದನ್ನು ಎಳೆದು ತಂದು ಸ್ಟಿಯರಿಂಗಿನ ಮೇಲಿಟ್ಟೆ.

"ಮದುವೆಗೆ ತಡ ಆಗ್ತದಲ್ಲ" ಎಂದರು ಅವರು.

"ಆಗ್ಲಿ" ಎಂದು ನಾನು ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದೆ.